ಎಲ್ಲಿ ಹುಡುಕಬೇಕೆಂದು ಹೇಳುವ ಒಂದು ಸಾಲು

ನಮ್ಮ ಚಿಕ್ಕಮ್ಮನ ಮದುವೆಯ ಕ್ಯಾಸೆಟ್ಟಿನಲ್ಲಿ ಕರೆಂಟು ಹೋದ ಗಳಿಗೆಯೂ ದಾಖಲಾಗಿದೆ. 1991ರ ಬೇಸಿಗೆ. ಕುಣಿಗಲ್ ತಾಲ್ಲೂಕು ಕೊತ್ತಗೆರೆಯ ನಮ್ಮ ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ ಎದ್ದಿತ್ತು. ನಡುಮನೆಯಲ್ಲಿ ಎಣ್ಣೆ ಶಾಸ್ತ್ರ ನಡೆದಿತ್ತು, ಸುತ್ತ ಕೂತ ಹೆಂಗಸರು ಸೋಬಾನೆ ಹೇಳುತ್ತಿದ್ದರು. ನಮ್ಮ ಸೋದರಮಾವ ಬೆಂಗಳೂರಿನಿಂದ ಹೊತ್ತು ತಂದಿದ್ದ ಟೂ-ಇನ್-ಒನ್ ಅನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಕಳಶದ ಪಕ್ಕಕ್ಕೇ ಇಟ್ಟು, ಕೆಂಪು ಗುಂಡಿ ಒತ್ತಿದ್ದರು. ಕ್ಯಾಸೆಟ್ಟಿನ ಮೊದಲ ಮಗ್ಗುಲಿನ ಉದ್ದಕ್ಕೂ ಹಾಡಿನ ತಳದಲ್ಲಿ ಗುಂಯ್ ಎನ್ನುವ ಸದ್ದು ಹರಿಯುತ್ತದೆ. ಎರಡನೆಯ ಮಗ್ಗುಲಲ್ಲಿ, ಕುಣಿಗಲ್ ಕೆರೆಯ ಹಾಡು ಅರ್ಧಕ್ಕೆ ಬಂದಾಗ, ಇಡೀ ದನಿ ಒಮ್ಮೆಲೇ ಕೀರಲಾಗಿ ಮೇಲಕ್ಕೇರಿ ನಿಂತುಬಿಡುತ್ತದೆ. ಆಮೇಲೆ ಟಕ್ ಎಂದು ಸದ್ದು. ಮತ್ತೆ ಹಾಡು. ಈ ಸಲ ಗುಂಯ್‌ಗಾಟವಿಲ್ಲ. ಕರೆಂಟು ಹೋದ ಕೂಡಲೇ ಮಾವ ವೈರು ಕಿತ್ತು ಸೆಲ್ಲಿನ ಮೇಲೆ ಓಡಿಸಿದ್ದರು. ಹೆಂಗಸರಂತೂ ಹಾಡು ನಿಲ್ಲಿಸಿರಲಿಲ್ಲ. ಟೇಪಿನಲ್ಲಿ ನಡುವಿನ ನುಡಿಗಳು ಕಾಣೆಯಾಗಿ ಮುಂದಿನದರಿಂದ ಹಾಡು ಹಿಡಿದಿರುವುದೇ ಅದಕ್ಕೆ ಸಾಕ್ಷಿ.

ಮುಂದಾಳು ದನಿ ನಮ್ಮ ಅಜ್ಜಿಯದು. ಅವರು ಒಂದು ಸಾಲು ಎತ್ತಿಕೊಟ್ಟರೆ ಉಳಿದವರು ಅದನ್ನೇ ಹಿಂದೆ ಹೇಳುವುದು ನಮ್ಮ ಸೀಮೆಯ ಸೋಬಾನೆಯ ರೀತಿ. ಅಜ್ಜಿಗೆ ಓದು ಬರಹ ಇರಲಿಲ್ಲ. ಬೀಸುವ ಪದ, ಒಸಗೆ ಪದ, ಹಸೆಗೆ ಕರೆಯುವ ಪದ ಎಲ್ಲವೂ ಅವರ ಬಾಯಲ್ಲೇ ಇದ್ದವು. ಬರೆದುಕೊಂಡವರು ಮನೆಯಲ್ಲಿ ಯಾರೂ ಇಲ್ಲ. ಪಕ್ಕದ ನಾಗಮಂಗಲ ಸೀಮೆಯವರಾದ ಜೀ.ಶಂ. ಪರಮಶಿವಯ್ಯ ಮತ್ತು ಎಚ್.ಎಲ್. ನಾಗೇಗೌಡರು ಊರೂರು ಸುತ್ತಿ ಇಂಥ ಹಾಡುಗಳನ್ನು ಬರೆದುಕೊಂಡರು, ಟೇಪಿಗೂ ಹಿಡಿದರು. ರಾಮನಗರದ ಜಾನಪದ ಲೋಕ ನಾಗೇಗೌಡರ ಆ ದುಡಿಮೆಯ ಫಲ. ಆದರೆ ಅವರು ಎಷ್ಟು ಊರಿಗೆಂದು ಹೋಗಿಯಾರು? ಮಿಕ್ಕದ್ದೆಲ್ಲ ಮದುವೆ ಮನೆಗಳ ಕ್ಯಾಸೆಟ್ಟುಗಳಲ್ಲಿ, ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳಲ್ಲಿ ಉಳಿದಿದೆ. ಆ ರಟ್ಟಿನ ಪೆಟ್ಟಿಗೆಗಳಿಗೂ ಒಂದು ದೊಡ್ಡ ಸಂಗ್ರಹಾಲಯದಷ್ಟೇ ಬೆಲೆ ಇದೆಯೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದ್ದು 2012ರಲ್ಲಿ. ಧ್ವನಿ ಸಂಗ್ರಹಾಲಯಗಳವರು ಒಪ್ಪಿಕೊಂಡಿರುವ ಒಂದು ಪದ್ಧತಿಯಿದೆ: ಮೊದಲ ಪ್ರತಿಗೆ ಏನೂ ಮಾಡಬಾರದು. ಸೆಕೆಂಡಿಗೆ ಕನಿಷ್ಠ 48,000 ಮಾದರಿ, ಪ್ರತಿ ಮಾದರಿಗೆ 24 ಬಿಟ್. ಗುಂಯ್‌ಗಾಟ, ಕೆಮ್ಮು, ಮಗುವಿನ ಅಳು ಎಲ್ಲ ಸಮೇತ ಇದ್ದದ್ದು ಇದ್ದಂತೆ ಇಳಿಸಿಕೊಂಡು ಬದಿಗಿಡಬೇಕು. ಒಂದೇ ಚಾನೆಲ್ಲಿನ ಒಂದು ಗಂಟೆಯ ಹಾಡಿಗೆ ಸುಮಾರು ಅರ್ಧ ಜಿಬಿ ಜಾಗ ಹಿಡಿಯುತ್ತದೆ. ಏನೇ ಶುಚಿ ಮಾಡುವುದಿದ್ದರೂ ಅದರ ನಕಲಿನ ಮೇಲೆ. ಟೇಪು ಓಡಿಸುವ ಡೆಕ್ಕಿನ ಹೆಡ್ಡಿನ ಪಕ್ಕದಲ್ಲಿ ಒಂದು ಪುಟ್ಟ ತಿರುಪು ಇರುತ್ತದೆ. ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮಬ್ಬಾಗಿದ್ದ ಹಾಡು ಇದ್ದಕ್ಕಿದ್ದಂತೆ ತಿಳಿಯಾಗುತ್ತದೆ. 1991ರಲ್ಲಿ ಮಾವನ ಟೂ-ಇನ್-ಒನ್ನಿನ ಹೆಡ್ಡು ಯಾವ ಓರೆಯಲ್ಲಿ ನಿಂತಿತ್ತೋ ಅದೇ ಓರೆಗೆ ಇವತ್ತಿನ ಹೆಡ್ಡೂ ಬರಬೇಕು, ಅಷ್ಟೇ ಗುಟ್ಟು. ಹಾಡಿನಲ್ಲಿ 'ಸ' ಮತ್ತು 'ಚ' ಬರುವ ಕಡೆ ಕಿವಿಯಿಟ್ಟು ಇದನ್ನು ಮಾಡಬೇಕು. ಅಜ್ಜಿಯ ಉಸಿರೆಳೆತ ಕೇಳಿಸಿದ್ದು ಆಗಲೇ.

ಇನ್ನು ಗುಂಯ್‌ಗಾಟದ ವಿಷಯ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಅಲೆಯಾಡುತ್ತದೆ, ಆ ಅಲೆಯೇ ಟೇಪಿಗೆ ಸೋರಿ ಸದ್ದಾಗುತ್ತದೆ. 50 ಹರ್ಟ್ಸ್‌ನಲ್ಲಿ ಒಂದು, ಅದರ ಮೇಲೆ 100, 150, 200ರಲ್ಲಿ ಅದರ ಮಕ್ಕಳು ಮೊಮ್ಮಕ್ಕಳು. ಆ ಜಾಗಗಳನ್ನು ಸಣ್ಣಗೆ ಕೆತ್ತಿ ತೆಗೆದರೆ ಹಾಡು ಉಳಿದು ಗುಂಯ್‌ಗಾಟ ಹೋಗಬೇಕು. ನಮ್ಮ ಕ್ಯಾಸೆಟ್ಟಿನಲ್ಲಿ ಹಾಗೆ ಮಾಡಿದರೆ ಅರ್ಧದಷ್ಟೂ ಹೋಗಲಿಲ್ಲ. ಅಳೆದು ನೋಡಿದರೆ ಅದು 50ರಲ್ಲಿ ಇರಲೇ ಇಲ್ಲ, 48 ಚಿಲ್ಲರೆಯಲ್ಲಿ ಓಲಾಡುತ್ತಿತ್ತು.

ಟೇಪು ನಿಧಾನ ಓಡಿದರೂ ಹೀಗಾಗುತ್ತದೆ. ಹಳೆಯ ಟೇಪುಗಳ ವೇಗ ಸರಿಯಿದೆಯೋ ಇಲ್ಲವೋ ಎಂದು ತಿಳಿಯಲು ಪರಿಣತರು ಈ ಗುಂಯ್‌ಗಾಟವನ್ನೇ ಅಳತೆಗೋಲು ಮಾಡಿಕೊಳ್ಳುವುದುಂಟು. 51ರಲ್ಲಿ ಕೇಳಿಸಿದರೆ ನೂರಕ್ಕೆ ಎರಡರಷ್ಟು ಜೋರಾಗಿ ಓಡುತ್ತಿದೆ ಎಂದರ್ಥ. ಆದರೆ ಆ ಲೆಕ್ಕ ಕರೆಂಟು ಕರಾರುವಾಕ್ಕಾಗಿ 50ರಲ್ಲೇ ನಿಲ್ಲುವ ದೇಶಗಳದು. 1990ರ ದಶಕದಲ್ಲಿ ದಕ್ಷಿಣದ ಗ್ರಿಡ್ಡು ಬೇಡಿಕೆಯ ಭಾರಕ್ಕೆ ಕುಸಿದು 48ರ ಆಸುಪಾಸಿಗೆ ಬರುವುದು ಮಾಮೂಲಾಗಿತ್ತು. 2003ರ ಜನವರಿಯಲ್ಲಿ ದಕ್ಷಿಣ ವಲಯಕ್ಕೆ ಹೊಸ ದರ ಪದ್ಧತಿ ಬಂದು, ಅಲೆ ಕುಸಿದಾಗ ಹೆಚ್ಚು ಎಳೆದುಕೊಂಡವರು ಹೆಚ್ಚು ತೆರಬೇಕು ಎಂದಾದ ಮೇಲೆ ಅದು ಹದಕ್ಕೆ ಬಂತು. 2013ರ ಕೊನೆಯ ದಿನ ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ಡು ದೇಶದ ಉಳಿದ ಗ್ರಿಡ್ಡಿನ ಜೊತೆ ಕೂಡಿಕೊಂಡಿತು. ಅಂದರೆ ನಮ್ಮ ಕ್ಯಾಸೆಟ್ಟಿನ 48 ಚಿಲ್ಲರೆ ಟೇಪಿನ ಐಬಾಗಿರಬೇಕೆಂದೇನೂ ಇರಲಿಲ್ಲ. ಆ ಬೇಸಿಗೆಯ ಕರೆಂಟಿನ ಬಡತನವೂ ಆಗಿರಬಹುದಿತ್ತು. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುತ್ತಿದ್ದ ಸಂಜೆಯೊಂದರ ಭಾರ ನನ್ನ ಅಜ್ಜಿಯ ಹಾಡಿನ ಕೆಳಗೆ ಬರೆದಿಟ್ಟಂತೆ ಇದೆ. ಇದನ್ನು ಅಳಿಸುವ ಮುಂಚೆ ಮೂಲ ಪ್ರತಿಯನ್ನು ಮುಟ್ಟದೆ ಇಟ್ಟದ್ದಕ್ಕೆ ನನಗೆ ತುಂಬ ಸಮಾಧಾನ.

ಇಲ್ಲಿಗೆ ಬಂದು ಸೇರುತ್ತದೆ ಒಂದು ಪ್ಲಗಿನ್, ಅಂದರೆ ದೊಡ್ಡ ತಂತ್ರಾಂಶಕ್ಕೆ ಹೊರಗಿನಿಂದ ಸಿಕ್ಕಿಸುವ ಪುಟ್ಟ ತುಣುಕು. ನಾನು ಬಳಸುತ್ತಿದ್ದದ್ದು ಸಾಕ್ಸ್ ಎಂಬ ತಂತ್ರಾಂಶ. 1991ರಲ್ಲೇ ಲ್ಯಾನ್ಸ್ ನೋರ್ಸ್ಕಾಗ್ ಎಂಬಾತ ಇದನ್ನು ಹಂಚತೊಡಗಿದ್ದು. ಚಿಕ್ಕಮ್ಮನ ಮದುವೆಯೂ ಅದೇ ವರ್ಷ. ಇದರಲ್ಲಿ ಒತ್ತಲು ಗುಂಡಿಯಿಲ್ಲ, ಕಿಟಕಿಯಿಲ್ಲ. ಟರ್ಮಿನಲ್ ಎಂಬ ಕರಿ ಪರದೆಯಲ್ಲಿ ಯಾವ ಕಡತ ಒಳಕ್ಕೆ, ಯಾವುದು ಹೊರಕ್ಕೆ, ನಡುವೆ ಏನೇನು ಮಾಡಬೇಕು ಎಂದು ಒಂದು ಸಾಲು ಬರೆದು ಎಂಟರ್ ಒತ್ತಿದರೆ ಕೆಲಸ ಮುಗಿಯಿತು. ಪೆಟ್ಟಿಗೆ ತುಂಬ ಕ್ಯಾಸೆಟ್ಟು ಇರುವವರಿಗೆ ಇದೇ ವಾಸಿ. ಒಂದಕ್ಕೆ ಬರೆದ ಸಾಲು ಎಲ್ಲದಕ್ಕೂ ಆದೀತು. ಏನು ಮಾಡಿದೆವು ಎಂಬುದು ಅಕ್ಷರದಲ್ಲಿ ಉಳಿಯುತ್ತದೆ.

ಸಾಕ್ಸ್‌ಗೆ ತನ್ನವೇ ಸಾಕಷ್ಟು ವಿದ್ಯೆಗಳಿವೆ. ಇಲ್ಲದ್ದನ್ನು ಹೊರಗಿನ ಪ್ಲಗಿನ್‌ಗಳಿಂದ ಎರವಲು ಪಡೆಯುತ್ತದೆ. ಲಿನಕ್ಸ್ ಲೋಕದಲ್ಲಿ ರಿಚರ್ಡ್ ಫರ್ಸ್ ಮುಂತಾದವರು 2000ದ ಸುಮಾರಿಗೆ ಲ್ಯಾಡ್‌ಸ್ಪಾ ಎಂಬ ಒಂದು ಸರಳ ಒಪ್ಪಂದ ರೂಪಿಸಿದರು. ಆ ಒಪ್ಪಂದದಂತೆ ಬರೆದ ಪ್ಲಗಿನ್ ಅದನ್ನು ಒಪ್ಪಿಕೊಂಡ ಯಾವುದೇ ಧ್ವನಿ ತಂತ್ರಾಂಶದೊಳಗೂ ಕೂರುತ್ತದೆ. ಸ್ಟೀವ್ ಹ್ಯಾರಿಸ್ ಎಂಬಾತ ಹತ್ತಾರು ಪ್ಲಗಿನ್‌ಗಳ ಒಂದು ಕಟ್ಟನ್ನೇ ಬರೆದು ಬಿಟ್ಟಿಯಾಗಿ ಕೊಟ್ಟಿದ್ದಾರೆ. ಅದರಲ್ಲಿನ 1197ನೆಯ ಸಂಖ್ಯೆಯ ಈಕ್ವಲೈಜರ್ ನನಗೆ ಬಹಳ ಪ್ರಿಯ. 50 ಹರ್ಟ್ಸ್‌ನಿಂದ 20,000ದವರೆಗೆ 15 ಪಟ್ಟಿಗಳು, ಒಂದೊಂದಕ್ಕೂ ಎಷ್ಟು ಏರಿಸಬೇಕು ಎಷ್ಟು ಇಳಿಸಬೇಕು ಎಂದು 15 ಅಂಕಿಗಳನ್ನು ಸಾಲಾಗಿ ಬರೆಯುವುದು. ಹೆಂಗಸರ ದನಿ ಸ್ಪಷ್ಟವಾಗುವ 2,500 ಮತ್ತು 3,500ರ ಪಟ್ಟಿಗಳನ್ನು ಒಂದಿಷ್ಟು ಏರಿಸಿದರೆ ಹಾಡಿನ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಗುಂಯ್‌ಗಾಟಕ್ಕೆ ಮಾತ್ರ ತುಮಕೂರಿನ ನನ್ನ ಗೆಳೆಯನೊಬ್ಬ, ವೃತ್ತಿಯಲ್ಲಿ ಎಂಜಿನಿಯರು, ಸಿ ಭಾಷೆಯಲ್ಲಿ ಒಂದು ಪುಟ್ಟ ಪ್ಲಗಿನ್ ಬರೆದುಕೊಟ್ಟ. ಮೂಲ ಅಲೆ ಎಷ್ಟು ಎಂದು ನಾವೇ ಹೇಳಬಹುದು, 48.6 ಎಂದರೆ 48.6. ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟನ್ನೂ ಅದೇ ಕೆತ್ತಿ ತೆಗೆಯುತ್ತದೆ. ನಮ್ಮ ಊರಿನ ಕರೆಂಟಿಗೆಂದೇ ಹೊಲಿಸಿದ ಪ್ಲಗಿನ್ ಅದು.

ಕೆಲವು ವರ್ಷ ಕಳೆದವು. 2017ರಲ್ಲಿ ಕುಣಿಗಲ್ ಮೇಲೆ ಹಾಸನಕ್ಕೆ ರೈಲು ಬಿಟ್ಟ ಮೇಲೆ ನಾನು ಊರಿಗೆ ಹೋಗಿಬರುವುದು ಹೆಚ್ಚಾಯಿತು. ಆ ಹೊತ್ತಿಗೆ ನಮ್ಮ ಕುಟುಂಬದ ಹುಡುಗಿಯೊಬ್ಬಳು ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಳು. ಅಟ್ಟದಿಂದ ಇನ್ನಷ್ಟು ಕ್ಯಾಸೆಟ್ಟು ಇಳಿದಿದ್ದವು. ಅಮೃತೂರು, ಹುಲಿಯೂರುದುರ್ಗದ ನೆಂಟರ ಮನೆಗಳಿಂದಲೂ ಬಂದಿದ್ದವು. "ನಾನೇ ಮಾಡ್ತೀನಿ, ಹೆಂಗೆ ಅಂತ ಹೇಳ್ಕೊಡಿ" ಎಂದಳು. ನನಗೆ ಹಿಗ್ಗೋ ಹಿಗ್ಗು. ಹಾಡುಗಳು, ನನ್ನ ಕಮಾಂಡುಗಳನ್ನು ಬರೆದಿಟ್ಟ ಸ್ಕ್ರಿಪ್ಟು, ಗೆಳೆಯನ ಪ್ಲಗಿನ್ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು ಕೊತ್ತಗೆರೆಗೆ ಹೋದೆ. ಜಗಲಿಯ ಮೇಲೆ ಚಾಪೆ ಹಾಕಿ, ಅವಳ ಲ್ಯಾಪ್‌ಟಾಪ್ ತೆರೆದು ಕೂತೆವು.

ಸ್ಕ್ರಿಪ್ಟು ಓಡಿಸಿದಳು. ಲ್ಯಾಡ್‌ಸ್ಪಾ ಪ್ಲಗಿನ್ ತೆರೆಯಲಾಗಲಿಲ್ಲ ಎಂದು ಸಾಕ್ಸ್ ಒಂದೇ ಸಾಲಲ್ಲಿ ಹೇಳಿ ನಿಂತಿತು.

"ಇಲ್ಲೇ ಐತಲ್ಲ!" ಎಂದಳು. ನಿಜ, ಕಡತ ಅಲ್ಲೇ ಇತ್ತು. ಡೆಸ್ಕ್‌ಟಾಪಿನ ಮೇಲೆ, ಹಾಡಿನ ಪಕ್ಕದಲ್ಲೇ, ಕಣ್ಣಿಗೆ ರಾಚುವಂತೆ. ಹೆಸರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಕಂಪ್ಯೂಟರ್ ಬಳಸುವ ಬಹಳ ಜನ ಸೋತು ಕೈಬಿಡುವುದು ಈ ಹಂತದಲ್ಲೇ ಎಂದು ನಾನು ಕಂಡಿದ್ದೇನೆ. ವಸ್ತು ಇದೆ, ಸಾಧನ ಇದೆ, ಒಂದಕ್ಕೊಂದು ಸಿಗುತ್ತಿಲ್ಲ. ನಾನು ಅವಳಿಗೆ ಹೇಳಿದ್ದು ನಮ್ಮ ಮನೆಯದೇ ಮಾತಿನಲ್ಲಿ. ಅಜ್ಜಿ ಯಾರಿಗಾದರೂ ಅಡಕೆ ಕತ್ತರಿ ತರಲು ಹೇಳಿದರೆ, "ಒಲೆ ಪಕ್ಕದ ಗೂಡು ನೋಡು, ಅಲ್ಲಿಲ್ದಿದ್ರೆ ದೇವರ ಮನೆ ಪೆಟ್ಟಿಗೆ, ಅಲ್ಲೂ ಇಲ್ದಿದ್ರೆ ಅಟ್ಟ" ಎಂದು ಕ್ರಮವಾಗಿ ಹೇಳಿ ಕಳಿಸುತ್ತಿದ್ದರು. ಕತ್ತರಿ ಜಗಲಿಯ ಮೇಲೆ ಎದುರಿಗೇ ಬಿದ್ದಿದ್ದರೂ, ಹೇಳಿದ ಮೂರು ಜಾಗ ನೋಡಿ ಬಂದ ಮಗು "ಸಿಗ್ಲಿಲ್ಲ" ಎನ್ನುತ್ತದೆ. ಸಾಕ್ಸ್ ಅಂಥ ಮಗು. ಹೇಳಿದ ಜಾಗಗಳನ್ನು ಹೇಳಿದ ಕ್ರಮದಲ್ಲಿ ನೋಡುತ್ತದೆ. ಮೊದಲು ಎಲ್ಲಿ ಸಿಕ್ಕಿತೋ ಅಲ್ಲಿಗೆ ನಿಲ್ಲುತ್ತದೆ. ಹೇಳದ ಜಾಗಕ್ಕೆ ಕಣ್ಣು ಹಾಯಿಸುವುದಿಲ್ಲ. ಆ ಜಾಗಗಳ ಪಟ್ಟಿಗೇ ಸರ್ಚ್ ಪಾತ್ ಎನ್ನುವುದು. ಲ್ಯಾಡ್‌ಸ್ಪಾ ಪ್ಲಗಿನ್‌ಗಳ ಪಟ್ಟಿಯ ಹೆಸರು ಲ್ಯಾಡ್‌ಸ್ಪಾ ಪಾತ್. ಅದೊಂದು ಎನ್ವಿರಾನ್‌ಮೆಂಟ್ ವೇರಿಯಬಲ್, ಅಂದರೆ ಟರ್ಮಿನಲ್ಲು ತಾನು ಓಡಿಸುವ ಕೆಲಸಗಳಿಗೆ ದಾಟಿಸುವ ಹೆಸರಿಟ್ಟ ಬೆಲೆ. ಫೋಲ್ಡರುಗಳ ಪೂರ್ತಿ ವಿಳಾಸಗಳನ್ನು ಒಂದರ ಹಿಂದೊಂದು ಬರೆದು ನಡುನಡುವೆ ಕೋಲನ್ ಹಾಕಬೇಕು.

ನಾವು ಅವಳ ಮನೆ ಫೋಲ್ಡರಿನೊಳಗೆ ಪ್ಲಗಿನ್‌ಗೆಂದೇ ಒಂದು ಜಾಗ ಮಾಡಿದೆವು. ಹೆಸರು ಚುಕ್ಕೆಯಿಂದ ಶುರುವಾಗುವ ಲ್ಯಾಡ್‌ಸ್ಪಾ. ವಾಡಿಕೆಯಂತೆ ಹಾಗೇ ಇಡುತ್ತಾರೆ. ಚುಕ್ಕೆಯಿರುವ ಫೋಲ್ಡರು ಮಾಮೂಲು ನೋಟಕ್ಕೆ ಕಾಣುವುದಿಲ್ಲ, ಕಂಟ್ರೋಲ್ ಜೊತೆ ಎಚ್ ಒತ್ತಿದರೆ ಕಾಣುತ್ತದೆ. ಗೆಳೆಯನ ಪ್ಲಗಿನ್ ಅಲ್ಲಿಗೆ ಸೇರಿಸಿ, ಟರ್ಮಿನಲ್ಲಿನಲ್ಲಿ ಲ್ಯಾಡ್‌ಸ್ಪಾ ಪಾತ್‌ಗೆ ಆ ಫೋಲ್ಡರಿನ ವಿಳಾಸ ಕೊಟ್ಟು, ಆ ಸಾಲಿನ ಮೊದಲಿಗೆ ಎಕ್ಸ್‌ಪೋರ್ಟ್ ಸೇರಿಸಿದೆವು. ಎಕ್ಸ್‌ಪೋರ್ಟ್ ಹಾಕದಿದ್ದರೆ ಆ ಬೆಲೆ ಟರ್ಮಿನಲ್ಲಿಗಷ್ಟೇ ಗೊತ್ತಿರುತ್ತದೆ, ಅದು ಹುಟ್ಟಿಸುವ ಸಾಕ್ಸ್‌ನಂಥ ಕೆಲಸಗಳಿಗೆ ತಿಳಿಯುವುದಿಲ್ಲ. ಇನ್ನೊಂದು ಸೂಕ್ಷ್ಮ ಟಿಲ್ಡೆಯದು. ಮನೆ ಫೋಲ್ಡರಿಗೆ ಚುಟುಕಾಗಿ ಬರೆಯುವ ಆ ಅಲೆಯಂಥ ಗುರುತನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಿದರೆ, ಟರ್ಮಿನಲ್ಲಿನಲ್ಲಿ ಬರೆದದ್ದನ್ನು ಓದುವ ಶೆಲ್ಲು ಅದನ್ನು ಬಿಡಿಸುವುದಿಲ್ಲ. ಟಿಲ್ಡೆ ಎಂಬ ಹೆಸರಿನ ಫೋಲ್ಡರನ್ನೇ ಹುಡುಕಿದಂತಾಗುತ್ತದೆ. ಪೂರ್ತಿ ವಿಳಾಸ ಬರೆಯುವುದು ಕ್ಷೇಮ.

ಮತ್ತೆ ಓಡಿಸಿದೆವು. ಮತ್ತೆ ಅದೇ ಮಾತು. ಆದರೆ ಈಗ ತೆರೆಯಲಾಗದೆ ಹೋದದ್ದು ಬೇರೆ ಪ್ಲಗಿನ್, ಅಷ್ಟು ಹೊತ್ತು ಯಾವ ತಕರಾರೂ ಇಲ್ಲದ 1197ರ ಈಕ್ವಲೈಜರು.

ಇದರ ಕಾರಣ ನನಗೆ ಇಡೀ ಸಂಗತಿಯಲ್ಲೇ ಹೆಚ್ಚು ಮುಖ್ಯವೆನಿಸುತ್ತದೆ. ಲ್ಯಾಡ್‌ಸ್ಪಾ ಪಾತ್ ಎಂಬುದೇ ಇಲ್ಲದಿದ್ದಾಗ ಸಾಕ್ಸ್ ತನ್ನನ್ನು ಕಟ್ಟಿದವರು ಒಳಗೇ ಬರೆದಿಟ್ಟ ವಿಳಾಸಕ್ಕೆ ಹೋಗುತ್ತದೆ. ವ್ಯವಸ್ಥೆಯ ಲಿಬ್ ಫೋಲ್ಡರಿನೊಳಗಿನ ಲ್ಯಾಡ್‌ಸ್ಪಾ ಎಂಬ ಜಾಗ ಅದು. ಸ್ಟೀವ್ ಹ್ಯಾರಿಸರ ಕಟ್ಟು ಕೂರುವುದು ಅಲ್ಲೇ. ನಾವು ನಮ್ಮದೊಂದು ಪಟ್ಟಿ ಕೊಟ್ಟ ಕೂಡಲೇ ಆ ಒಳಗಿನ ವಿಳಾಸ ರದ್ದಾಗುತ್ತದೆ. ನಮ್ಮ ಪಟ್ಟಿ ಹಳೆಯದಕ್ಕೆ ಸೇರಿಕೊಳ್ಳುವುದಿಲ್ಲ, ಅದರ ಜಾಗದಲ್ಲಿ ತಾನು ಕೂರುತ್ತದೆ. ಆದ್ದರಿಂದ ಹೊಸ ಜಾಗ ಸೇರಿಸುವವರು ಹಳೆಯ ಜಾಗವನ್ನೂ ಬಾಯಿಬಿಟ್ಟು ಹೇಳಬೇಕು. ಮೊದಲು ನಮ್ಮ ಫೋಲ್ಡರು, ಒಂದು ಕೋಲನ್, ಆಮೇಲೆ ವ್ಯವಸ್ಥೆಯ ಫೋಲ್ಡರು. ಹಾಗೆ ಬರೆದ ಮೇಲೆ ಲಿಸ್ಟ್‌ಪ್ಲಗಿನ್ಸ್ ಎಂಬ ಕಮಾಂಡ್ ಕೊಟ್ಟೆವು. ಲ್ಯಾಡ್‌ಸ್ಪಾದವರೇ ಕೊಟ್ಟಿರುವ ಈ ಕಮಾಂಡು ಪಟ್ಟಿಯ ಒಂದೊಂದು ಫೋಲ್ಡರನ್ನೂ ಹೊಕ್ಕು ಸಿಕ್ಕ ಪ್ಲಗಿನ್‌ಗಳ ಹೆಸರು, ಸಂಖ್ಯೆ ಎಲ್ಲ ಹೇಳುತ್ತದೆ. ಪರದೆಯ ತುಂಬ ಹ್ಯಾರಿಸರ ಪ್ಲಗಿನ್‌ಗಳು ಇಳಿದು ಬಂದವು. ಯಾವುದೇ ಧ್ವನಿ ತಂತ್ರಾಂಶ ಕೈಕೊಟ್ಟಾಗ ಮೊದಲು ಕೇಳಬೇಕಾದ್ದು ಇದನ್ನೇ. ಪ್ಲಗಿನ್ ಕೆಟ್ಟಿದೆಯೇ ಎಂದು ಯೋಚಿಸುವ ಮುಂಚೆ, ನೀನು ಎಲ್ಲೆಲ್ಲಿ ನೋಡುತ್ತಿದ್ದೀಯ ಎಂದು ಅದರ ಬಾಯಿಂದಲೇ ಹೇಳಿಸಬೇಕು.

ಗೆಳೆಯನ ಪ್ಲಗಿನ್ ಮಾತ್ರ ಆ ಪಟ್ಟಿಯಲ್ಲಿ ಬರಲಿಲ್ಲ. ಇಲ್ಲಿ ಪಾತ್ ಸರಿಯಿತ್ತು, ಸಂಗತಿ ಬೇರೆ. 2012ರಲ್ಲಿ ಅವನು ಅದನ್ನು ಕಟ್ಟಿದ್ದು 32 ಬಿಟ್ಟಿನ ಯಂತ್ರಕ್ಕೆ, ಹುಡುಗಿಯ ಲ್ಯಾಪ್‌ಟಾಪು 64 ಬಿಟ್ಟಿನದು. 64ರ ತಂತ್ರಾಂಶ 32ರ ಪ್ಲಗಿನ್ ಅನ್ನು ತನ್ನೊಳಗೆ ಬಿಟ್ಟುಕೊಳ್ಳುವುದಿಲ್ಲ. ಅದೃಷ್ಟಕ್ಕೆ ಸಿ ಭಾಷೆಯ ಮೂಲವೂ ಅದೇ ಪೆನ್‌ಡ್ರೈವಿನಲ್ಲಿತ್ತು. ಅವಳೇ ಅದನ್ನು ಹೊಸದಾಗಿ ಕಂಪೈಲ್ ಮಾಡಿದಳು. ಕಾಲೇಜಿನಲ್ಲಿ ಕಲಿತದ್ದು ಮನೆ ಕೆಲಸಕ್ಕೆ ಬಂದದ್ದು ಮೊದಲ ಸಲ ಎಂದಳು. ಮೂಲ ಇಲ್ಲದೆ ಬರೀ ಕಟ್ಟಿದ ಕಡತ ಮಾತ್ರ ಉಳಿದಿದ್ದರೆ ಆ ಪ್ಲಗಿನ್ ಅವತ್ತಿಗೆ ತೀರಿಹೋದಂತೆ.

ಆಮೇಲೆ ಹಾಡು ಕೇಳಿಸಿತು. ಕೆಳಗಿನ ಗುಂಯ್‌ಗಾಟ ಇಳಿದು ಅಜ್ಜಿಯ ದನಿ ಎದ್ದು ಬಂದಾಗ, ಒಳಗೆ ಅಡುಗೆಮನೆಯಲ್ಲಿದ್ದ ಚಿಕ್ಕಮ್ಮ, ಅದೇ ಮದುವಣಗಿತ್ತಿ, ಹೊರಗೆ ಬಂದು ನಿಂತರು. ಹಿಂದೆ ಹೇಳುವವರ ಸಾಲಿನಲ್ಲಿ ಯಾವ ದನಿ ಯಾರದು ಎಂದು ಒಬ್ಬೊಬ್ಬರನ್ನೇ ಗುರುತು ಹಿಡಿದು ಹೇಳುತ್ತಾ ಹೋದರು. ಹುಡುಗಿ ಅದನ್ನೆಲ್ಲ ಬರೆದುಕೊಂಡಳು. ಎರಡನೆಯ ಮಗ್ಗುಲಿನ ಕತೆಯನ್ನೂ ಅವರೇ ಬಿಡಿಸಿದರು. ಕರೆಂಟು ಹೋದ ಮೇಲೆ ಹಾಡಿನ ಶ್ರುತಿ ಒಂದು ತೂಕ ಮೇಲಿದೆ. ಸೆಲ್ಲು ಸೊರಗಿದ್ದರಿಂದ ಟೇಪು ನಿಧಾನವಾಗಿ ಓಡಿದೆ. ನಿಧಾನವಾಗಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ದನಿ ತೆಳ್ಳಗಾಗುತ್ತದೆ. ಅಲ್ಲಿ ಅಳತೆಗೆ ಗುಂಯ್‌ಗಾಟವೂ ಇಲ್ಲ. "ಅವ್ವ ಶ್ರುತಿ ಬಿಡೋಳಲ್ಲ, ಮೊದಲಿದ್ದದ್ದೇ ಇರಬೇಕು" ಎಂದರು ಚಿಕ್ಕಮ್ಮ. ಕರೆಂಟು ಹೋಗುವ ಮುಂಚಿನ ಶ್ರುತಿಗೆ ಸರಿಹೊಂದುವವರೆಗೆ ಸಾಕ್ಸ್‌ನ ಸ್ಪೀಡ್ ಕಮಾಂಡಿನಿಂದ ವೇಗ ಇಳಿಸುತ್ತಾ ಬಂದೆವು. ಚಿಕ್ಕಮ್ಮ ಕಣ್ಣುಮುಚ್ಚಿ ಕೇಳಿ, ತಾವೂ ಜೊತೆಗೆ ಗುನುಗಿ, "ಈಗ ಅವ್ವ" ಎಂದ ಅಂಕಿಗೆ ನಿಲ್ಲಿಸಿದೆವು. ಕಡತದ ಹೆಸರಿನ ಪಕ್ಕ ಆ ಅಂಕಿಯನ್ನೂ, ಯಾರು ಕೇಳಿ ಒಪ್ಪಿದರು ಎಂಬುದನ್ನೂ ಬರೆದಿಟ್ಟಿದ್ದೇವೆ.

ಈ ಸರ್ಚ್ ಪಾತ್‌ಗೆ ಹಳೆಯದೊಂದು ಹಿನ್ನೆಲೆಯಿದೆ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಕಟ್ಟುತ್ತಿದ್ದಾಗ ಒಂದು ಡಿಸ್ಕು ತುಂಬಿಹೋಗಿ, ಮಿಕ್ಕ ಕಮಾಂಡುಗಳನ್ನು ಬಳಕೆದಾರರ ಕಡತಗಳಿದ್ದ ಇನ್ನೊಂದು ಡಿಸ್ಕಿಗೆ ಹಾಕಿದರು. ಕಮಾಂಡುಗಳು ಎರಡು ಕಡೆ ಹಂಚಿಹೋದ ಮೇಲೆ ಮೊದಲು ಅಲ್ಲಿ ನೋಡು, ಸಿಗದಿದ್ದರೆ ಇಲ್ಲಿ ನೋಡು ಎಂದು ಹೇಳಲೇಬೇಕಾಯಿತು. 1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನಲ್ಲಿ ಸ್ಟೀಫನ್ ಬೋರ್ನ್ ಬರೆದ ಶೆಲ್ಲು ಬಂದಾಗ ಆ ಪಟ್ಟಿಯನ್ನು ಬಳಸುವವರ ಕೈಗೇ ಕೊಟ್ಟರು. ಪಾತ್ ಎಂಬ ವೇರಿಯಬಲ್ಲು, ನಡುವೆ ಕೋಲನ್. ಇವತ್ತಿಗೂ ಹಾಗೇ ನಡೆದಿದೆ. ವಿಂಡೋಸ್‌ನಲ್ಲಿ ಡ್ರೈವಿನ ಹೆಸರಿಗೇ ಕೋಲನ್ ಹಚ್ಚುವುದರಿಂದ ಅಲ್ಲಿ ಸೆಮಿಕೋಲನ್. ಅಷ್ಟೇ ವ್ಯತ್ಯಾಸ.

ಪುಸ್ತಕಗಳ ಕೆಲಸದಲ್ಲೂ ನನಗೆ ಇದೇ ಎದುರಾಗಿದೆ. ಅಚ್ಚಾದ ಕನ್ನಡ ಪುಟಗಳನ್ನು ಅಕ್ಷರಗಳಾಗಿ ಓದುವ ಟೆಸರಾಕ್ಟ್ ಎಂಬ ಕಮಾಂಡ್ ಲೈನ್ ಸಾಧನವನ್ನು, ಜಾತ್ರೆಗಳಲ್ಲಿ ಮಾರುತ್ತಿದ್ದ ಹಳೆಯ ಪದದ ಪುಸ್ತಕಗಳಿಗಾಗಿ ಬಳಸುತ್ತಿದ್ದೆ. ಎಡೆಯೂರು ಸಿದ್ಧಲಿಂಗೇಶ್ವರನ ಜಾತ್ರೆಯಲ್ಲಿ ಕೊಂಡ ಕೆಲವು ಪುಸ್ತಿಕೆಗಳು ನಮ್ಮ ಮನೆಯಲ್ಲಿದ್ದವು. ಟೆಸರಾಕ್ಟ್‌ನ ಕನ್ನಡದ ಕಲಿಕೆಯೆಲ್ಲ ಒಂದೇ ಕಡತದಲ್ಲಿರುತ್ತದೆ, ಅದು ಟೆಸ್‌ಡಾಟಾ ಎಂಬ ಫೋಲ್ಡರಿನಲ್ಲಿ. ಆ ಜಾಗ ಹೇಳಲು ಟೆಸ್‌ಡಾಟಾ ಪ್ರಿಫಿಕ್ಸ್ ಎಂಬ ವೇರಿಯಬಲ್ಲು. ಮೂರನೆಯ ಆವೃತ್ತಿಯಲ್ಲಿ ಟೆಸ್‌ಡಾಟಾ ಫೋಲ್ಡರು ಯಾವುದರೊಳಗಿದೆಯೋ ಆ ಹೊರಗಿನ ಫೋಲ್ಡರಿನ ವಿಳಾಸ ಕೊಡಬೇಕಿತ್ತು. 2018ರಲ್ಲಿ ನಾಲ್ಕನೆಯ ಆವೃತ್ತಿ ಬಂದಾಗ ಟೆಸ್‌ಡಾಟಾದ್ದೇ ವಿಳಾಸ ಕೇಳತೊಡಗಿತು. ವೇರಿಯಬಲ್ಲಿನ ಹೆಸರು ಅದೇ, ಅರ್ಥ ಒಂದು ಮೆಟ್ಟಿಲು ಒಳಕ್ಕೆ ಸರಿದಿತ್ತು. ಹಿಂದಿನ ದಿನ ಕನ್ನಡ ಓದುತ್ತಿದ್ದ ಸಾಧನ ಮರುದಿನ ಕನ್ನಡವೇ ಇಲ್ಲ ಎಂದಿತು. ಇರುವ ಭಾಷೆಗಳ ಪಟ್ಟಿ ಕೇಳುವ ಕಮಾಂಡು ಅದರಲ್ಲೂ ಉಂಟು. ಯಾವ ಫೋಲ್ಡರಿನಲ್ಲಿ ನೋಡುತ್ತಿದೆ ಎಂಬುದನ್ನು ಸಾಧನದ ದೋಷಸೂಚನೆಯೇ ಹೇಳಿತು, ಸರಿಪಡಿಸಲು ಅಷ್ಟು ಸಾಕಾಯಿತು.

ಇದೆಲ್ಲ ಅನುಭವದಿಂದ ನಾನು ಒಂದು ವಿಷಯದಲ್ಲಿ ಹಟಮಾರಿಯಾಗಿದ್ದೇನೆ. ಪಾತ್ ಹೇಳುವ ಸಾಲನ್ನು ಬ್ಯಾಶ್ ಎಂಬ ಶೆಲ್ಲಿನ ಸ್ವಂತ ಕಡತದಲ್ಲಿ ಬರೆದುಕೊಂಡು ಸುಮ್ಮನಾಗುವವರೇ ಹೆಚ್ಚು. ಅದು ಅವರ ಯಂತ್ರದಲ್ಲಿ, ಅವರ ಟರ್ಮಿನಲ್ಲಿನಲ್ಲಿ ಮಾತ್ರ ನಡೆಯುತ್ತದೆ. ರಾತ್ರಿ ತಾನೇ ಓಡಲೆಂದು ಕ್ರಾನ್‌ಗೆ ವಹಿಸಿದ ಕೆಲಸ ಆ ಕಡತ ಓದುವುದಿಲ್ಲ. ಯಂತ್ರದ ಪೂರ್ತಿ ಅಧಿಕಾರ ಕೊಡುವ ಸುಡೂ ಹಾಕಿ ಓಡಿಸಿದರೆ ವೇರಿಯಬಲ್ಲುಗಳನ್ನು ಅದು ಒರೆಸಿ ಹಾಕುತ್ತದೆ. ಮೇಲಾಗಿ, ಹಾಡಿನ ಫೋಲ್ಡರು ಇನ್ನೊಬ್ಬರ ಕೈಗೆ ಹೋದಾಗ ಆ ಸಾಲು ಹಿಂದೆಯೇ ಉಳಿಯುತ್ತದೆ. ಸ್ವರ ಹೋಗುತ್ತದೆ, ಸ್ವರವನ್ನು ಶುಚಿ ಮಾಡಿದ ಬಗೆ ಹೋಗುವುದಿಲ್ಲ. ಈಗ ನಮ್ಮ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಲ್ಯಾಡ್‌ಸ್ಪಾ ಪಾತ್ ಇದೆ. ಸ್ಕ್ರಿಪ್ಟು ತಾನೆಲ್ಲಿ ಕೂತಿದೆ ಎಂದು ಮೊದಲು ಕಂಡುಕೊಂಡು, ತನ್ನ ಪಕ್ಕದ ಪ್ಲಗಿನ್ ಫೋಲ್ಡರನ್ನು ಮೊದಲಿಗೂ ವ್ಯವಸ್ಥೆಯದನ್ನು ಎರಡನೆಯದಾಗಿಯೂ ಹೇಳುತ್ತದೆ. ಹೀಗೆ ಬರೆಯುವುದನ್ನು ಹುಡುಗಿಯೇ ಕಂಡುಹಿಡಿದಳು. ಪೆನ್‌ಡ್ರೈವನ್ನು ಅವಳದರಂಥ ಯಾವ ಯಂತ್ರಕ್ಕೆ ಚುಚ್ಚಿದರೂ ನಡೆಯುತ್ತದೆ. ಪಕ್ಕದಲ್ಲಿ ಕನ್ನಡದಲ್ಲೇ ಬರೆದ ಒಂದು ಪುಟ: ಯಾವ ಕ್ಯಾಸೆಟ್ಟು, ಯಾವ ಡೆಕ್ಕು, ಗುಂಯ್‌ಗಾಟ ಎಷ್ಟು ಹರ್ಟ್ಸ್, ಈಕ್ವಲೈಜರಿನ 15 ಅಂಕಿ, ಪ್ಲಗಿನ್‌ನ ಮೂಲ ಎಲ್ಲಿದೆ, ಅದನ್ನು ಮತ್ತೆ ಕಟ್ಟುವ ಕಮಾಂಡು ಏನು.

ಒಂದೇ ಹೆಸರಿನ ಎರಡು ಪ್ಲಗಿನ್ ಇದ್ದಾಗ ಏನಾಗುತ್ತದೆ ಎಂಬುದೂ ಆ ಪುಟದಲ್ಲಿದೆ. ಗೆಳೆಯ ಆಮೇಲೆ ತನ್ನದನ್ನು ತಿದ್ದಿ ಹೊಸದು ಕೊಟ್ಟ, ಹೆಸರು ಬದಲಿಸಲಿಲ್ಲ. ಪಟ್ಟಿಯಲ್ಲಿ ಮುಂದಿರುವ ಫೋಲ್ಡರಿನದು ಗೆಲ್ಲುತ್ತದೆ, ಹಿಂದಿನದು ಇದ್ದೂ ಇಲ್ಲದಂತೆ. ಹಾಗಾಗಿ 2012ರ ಪ್ಲಗಿನ್‌ನಿಂದ ಶುಚಿಗೊಂಡ ಹಾಡು ಯಾವುದು, ಹೊಸದರಿಂದ ಆದದ್ದು ಯಾವುದು ಎಂದು ಪ್ರತಿ ಕಡತದ ಮುಂದೆ ಬರೆದಿದ್ದೇವೆ. ಎರಡರ ನಡುವಿನ ವ್ಯತ್ಯಾಸ ಕಿವಿಗೆ ಕೇಳುತ್ತದೆ. ಹೊಸದು 100 ಹರ್ಟ್ಸ್‌ನ ಸುತ್ತ ಕಡಿಮೆ ಕೆತ್ತುವುದರಿಂದ ತಮಟೆಯ ಗುಂಡಿಗೆ ಉಳಿಯುತ್ತದೆ.

ಈಗ ಗುಬ್ಬಿಯ ನೆಂಟರ ಮನೆಯಿಂದ ಇನ್ನೊಂದು ಪೆಟ್ಟಿಗೆ ಬಂದಿದೆ. ಗುಬ್ಬಿ ವೀರಣ್ಣನವರ ಊರು ಅದು, ಆ ಮನೆಯ ಹಿರಿಯರಿಗೂ ರಂಗಗೀತೆಯ ಹುಚ್ಚು. ಹಾರ್ಮೋನಿಯಂ ಇಟ್ಟುಕೊಂಡು ಅವರು ಹಾಡಿಕೊಂಡದ್ದೇ ಈ ಕ್ಯಾಸೆಟ್ಟುಗಳಲ್ಲಿ ತುಂಬಿದೆ. ಹಾರ್ಮೋನಿಯಂನ ಶ್ರುತಿ ವರ್ಷಗಟ್ಟಲೆ ಹೆಚ್ಚುಕಡಿಮೆ ನಿಲ್ಲುವಂಥದ್ದು, ಆ ವಾದ್ಯವೂ ಆ ಮನೆಯಲ್ಲಿ ಇನ್ನೂ ಇದೆ. ಅದನ್ನು ನುಡಿಸಿ ಟೇಪಿನ ವೇಗ ಅಳೆಯಬಹುದು ಎಂದು ಹುಡುಗಿ ಲೆಕ್ಕ ಹಾಕಿದ್ದಾಳೆ. ಮುಂದಿನ ಭಾನುವಾರ ಗುಬ್ಬಿಗೆ ಹೋಗಿ ಮೊದಲು ಹಾರ್ಮೋನಿಯಂ ದನಿ ಹಿಡಿದುಕೊಂಡು ಬರುವುದೆಂದು ಮಾತಾಗಿದೆ.